ವ್ಯಾಧಿಶೇಷ ಮತ್ತು ಋಣಶೇಷ

ಬೆಂಕಿ, ಸಾಲ, ರೋಗ – ಈ ಮೂರರ ಶೇಷವನ್ನು ಉಳಿಸಬಾರದೆಂದು ಹಿಂದಿನವರು ಎಚ್ಚರಿಸಿದ್ದಾರೆ. ಆರಿತೆಂದು ಬಿಟ್ಟ ಕೆಂಡ ಗಾಳಿ ಬೀಸಿದಾಗ ಮತ್ತೆ ಹೊತ್ತಿಕೊಳ್ಳುತ್ತದೆ. ಅಲ್ಪವೆಂದು ಮರೆತ ಸಾಲ ಬಡ್ಡಿಯ ಮೇಲೆ ಬಡ್ಡಿಯಾಗಿ ಬೆಳೆಯುತ್ತದೆ. ಗುಣವಾಯಿತೆಂದು ಕಡೆಗಣಿಸಿದ ರೋಗ ಮೈಯೊಳಗೆ ಬೇರು ಬಿಡುತ್ತದೆ. ಬೆಂಕಿಯ ಮಾತು ಹಾಗಿರಲಿ. ಉಳಿದೆರಡರ ನಡುವೆ ಒಂದು ತೊಡಕುಂಟು. ರೋಗದ ಶೇಷವನ್ನು ಕಳೆಯಹೊರಟರೆ ಸಾಲದ ಶೇಷ ಬೆಳೆಯುತ್ತದೆ. ಸಾಲವನ್ನು ತಡೆಯಹೊರಟರೆ ರೋಗದ ಶೇಷ ಉಳಿಯುತ್ತದೆ. ಎರಡರಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು?

ಈ ಪ್ರಶ್ನೆಗೆ ನಮ್ಮ ನಾಡಿನ ಎಷ್ಟೋ ಮನೆಗಳಲ್ಲಿ ಸದ್ದಿಲ್ಲದೆ ಉತ್ತರ ದೊರೆಯುತ್ತಿದೆ. 'ಮೂರು ತಿಂಗಳ ಅನಂತರ ಬಂದು ತೋರಿಸಿ' ಎಂದು ಡಾಕ್ಟರರು ಬರೆದುಕೊಟ್ಟ ಚೀಟಿ ಎಕ್ಸ್‌ರೇ ಲಕೋಟೆಯೊಳಗೆ ಭದ್ರವಾಗಿರುತ್ತದೆ. ತಾರೀಖು ಬರುತ್ತದೆ, ಕಳೆಯುತ್ತದೆ. ರೋಗಿ ಮಾತ್ರ ಹೋಗುವುದಿಲ್ಲ. ನೆರೆಯವರು ಕೇಳಿದರೆ 'ಈಗ ಏನೂ ತೊಂದರೆ ಇಲ್ಲ' ಎಂಬ ಉತ್ತರ. ಇದನ್ನು ಉದಾಸೀನವೆಂದು ಕೆಲವರು ಹೇಳುತ್ತಾರೆ, ಅಜ್ಞಾನವೆಂದು ಕೆಲವರು. ಹತ್ತಿರ ಹೋಗಿ ನೋಡಿದರೆ ಅದು ಇವೆರಡೂ ಅಲ್ಲ. ಬಹಳ ಎಚ್ಚರದಿಂದ ಹಾಕಿದ ಒಂದು ಲೆಕ್ಕ. ಆ ಲೆಕ್ಕವನ್ನು ಅರಿಯದೆ ರೋಗಿಯನ್ನು ದೂರುವುದು ಸುಲಭ. ಅರಿತ ಮೇಲೆ ಕಷ್ಟ.

ದಾರಿಯ ಲೆಕ್ಕ

ಮಂಗಳೂರಿನಿಂದ ಮೂಡುದಿಕ್ಕಿಗೆ ಹೊರಟು, ಬಂಟ್ವಾಳ ಬೆಳ್ತಂಗಡಿಗಳನ್ನು ದಾಟಿ, ಚಾರ್ಮಾಡಿ ಘಾಟಿಯನ್ನೇರುವ ಹೆದ್ದಾರಿಯಲ್ಲಿ ಉಜಿರೆ ಒಂದು ಕವಲು. ಧರ್ಮಸ್ಥಳದ ದಾರಿ ಬಲಕ್ಕೆ ತಿರುಗುವುದು ಇಲ್ಲಿಯೇ. 1966ರಲ್ಲಿ ಇಲ್ಲಿ ಕಾಲೇಜು ಆರಂಭವಾದ ಮೇಲೆ ಊರು ವಿದ್ಯಾಕೇಂದ್ರವೆಂದು ಹೆಸರಾಯಿತು. ಚಾರ್ಮಾಡಿ, ಮುಂಡಾಜೆ, ನೆರಿಯ, ಕಡಿರುದ್ಯಾವರ ಮೊದಲಾದ ಗ್ರಾಮಗಳವರಿಗೆ ಪೇಟೆಯೆಂದರೆ ಇದೇ. ವೈದ್ಯರಿಲ್ಲದ ಊರಲ್ಲ ಇದು. ಇಲ್ಲಿ ಆಸ್ಪತ್ರೆಯುಂಟು, ಔಷಧದಂಗಡಿಗಳುಂಟು. ಕೆಲವೇ ಮೈಲಿಗಳ ಆಚೆ ಬೆಳ್ತಂಗಡಿಯಲ್ಲಿ ಸರಕಾರದ ತಾಲೂಕು ಆಸ್ಪತ್ರೆಯೂ ಉಂಟು. ಜ್ವರಕ್ಕೆ, ಹೆರಿಗೆಗೆ, ಮುರಿದ ಮೂಳೆಗೆ ದೂರ ಹೋಗಬೇಕಾಗಿಲ್ಲ.

ಆದರೆ ಹೃದಯದ ಕವಾಟ, ಮೂತ್ರಪಿಂಡ, ನರ, ಅರ್ಬುದ – ಇಂಥ ಹೆಸರುಗಳು ಚೀಟಿಯಲ್ಲಿ ಕಾಣಿಸಿಕೊಂಡರೆ ದಾರಿ ಉದ್ದವಾಗುತ್ತದೆ. ಅರುವತ್ತು ಕಿಲೋಮೀಟರಿಗೂ ಮಿಕ್ಕ ಮಂಗಳೂರು, ಅದರಾಚೆಯ ದೇರಳಕಟ್ಟೆ, ಕಾರ್ಕಳದ ಮಾರ್ಗವಾಗಿ ಮಣಿಪಾಲ, ಕೆಲವರಿಗೆ ಘಾಟಿ ಹತ್ತಿ ಬೆಂಗಳೂರು. ಇದೊಂದು ವಿಪರ್ಯಾಸ. ಏಕೆಂದರೆ ಆಸ್ಪತ್ರೆಗಳ ವಿಷಯದಲ್ಲಿ ದಕ್ಷಿಣ ಕನ್ನಡದಷ್ಟು ಸಂಪನ್ನವಾದ ಜಿಲ್ಲೆಗಳು ಕಡಿಮೆ. ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯ ಮೂಲ 1848ಕ್ಕೆ ಹೋಗುತ್ತದೆ. ಜರ್ಮನಿಯಿಂದ ಬಂದ ಪಾದ್ರಿ ಆಗಸ್ಟಸ್ ಮುಲ್ಲರ್ ಕಂಕನಾಡಿಯಲ್ಲಿ ಬಡವರಿಗಾಗಿ ಔಷಧಾಲಯ ತೆರೆದುದು 1880ರಲ್ಲಿ. ಡಾ. ಟಿ.ಎಂ.ಎ. ಪೈಯವರು 1953ರಲ್ಲಿ ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜು ಸ್ಥಾಪಿಸಿದರು; ಅದರ ವಿದ್ಯಾರ್ಥಿಗಳು ವೆನ್ಲಾಕ್‌ನ ವಾರ್ಡುಗಳಲ್ಲಿ ಕಲಿತರು. ಇಂದು ಕಾಸರಗೋಡಿನವರೂ ಮಲೆನಾಡಿನವರೂ ಮದ್ದಿಗಾಗಿ ಇದೇ ಜಿಲ್ಲೆಗೆ ಇಳಿದು ಬರುತ್ತಾರೆ. ಹೀಗಿರುವಾಗ ಉಜಿರೆಯ ಆಸುಪಾಸಿನ ರೋಗಿಗೆ ತಜ್ಞವೈದ್ಯರು ದೂರವಾಗಿರುವುದು ಮೈಲಿಗಳಿಂದಲ್ಲ, ಮಜೂರಿಯಿಂದ.

ಒಂದು ಸಂಸಾರವನ್ನು ಕಲ್ಪಿಸಿಕೊಳ್ಳಿ. ಗಂಡ ಅಡಕೆ ತೋಟದ ಕೂಲಿ. ಹೆಂಡತಿ ಮನೆಯ ಜಗಲಿಯಲ್ಲಿ ಕುಳಿತು ಬೀಡಿ ಸುರುಟುತ್ತಾಳೆ. ಇಬ್ಬರಿಗೂ ರಜೆಯೆಂಬುದಿಲ್ಲ. ಬೀಡಿಗೆ ಮಜೂರಿ ಸಾವಿರಕ್ಕೆ ಇಷ್ಟೆಂದು. ಸುರುಟದ ದಿನ ಸೊನ್ನೆ. ಹೆಂಡತಿಗೆ ಹೃದಯದ ಕಾಯಿಲೆ. ಶಸ್ತ್ರಚಿಕಿತ್ಸೆ ಆಗಿದೆ, ಬದುಕಿ ಬಂದಿದ್ದಾಳೆ. ಈಗ ಮರುತಪಾಸಣೆ. ಅವಳೊಬ್ಬಳೇ ಹೋಗುವಂತಿಲ್ಲ, ಗಂಡನೂ ಹೊರಡಬೇಕು. ಎರಡು ಮಜೂರಿ ಅಲ್ಲಿಗೆ ಹೋಯಿತು. ಮನೆಯಿಂದ ಉಜಿರೆಗೆ ಜೀಪೋ ಆಟೋವೋ, ಉಜಿರೆಯಿಂದ ಬಸ್ಸು, ಮಂಗಳೂರಿನಲ್ಲಿ ಮತ್ತೆ ಸಿಟಿ ಬಸ್ಸು. ಶಾಲೆಯಿಂದ ಬರುವ ಮಗುವನ್ನು ನೆರೆಮನೆಯಲ್ಲಿ ಬಿಡಬೇಕು. ಅಲ್ಲಿ ತಜ್ಞರ ಫೀಸು. ಫೀಸಿಗಿಂತ ಮೊದಲು ರಕ್ತಪರೀಕ್ಷೆ. ಪರೀಕ್ಷೆಯ ವರದಿ ಮಧ್ಯಾಹ್ನದ ಮೇಲೆ. ಊಟ ಹೊರಗೆ. ವರದಿ ನೋಡಿದ ಡಾಕ್ಟರರು ಸ್ಕ್ಯಾನಿಂಗ್ ಆಗಬೇಕೆಂದರೆ ಇನ್ನೊಂದು ದಿನ. ಕೊನೆಗೆ ಮದ್ದು.

ಇಷ್ಟೆಲ್ಲ ಆದ ಮೇಲೆ ಡಾಕ್ಟರರು ಹೇಳುವ ಮಾತೇನು? 'ಎಲ್ಲ ಸರಿಯಾಗಿದೆ. ಅದೇ ಮದ್ದು ಮುಂದುವರಿಸಿ.' ವೈದ್ಯರ ದೃಷ್ಟಿಯಲ್ಲಿ ಇದಕ್ಕಿಂತ ಶುಭವಾರ್ತೆಯಿಲ್ಲ. ಆದರೆ ಎರಡು ಮಜೂರಿ ಕಳೆದು ಕೈಗಡ ತಂದವರ ಕಿವಿಗೆ ಅದು ಬೇರೆಯೇ ಆಗಿ ಕೇಳಿಸುತ್ತದೆ: ಬಂದುದು ದಂಡವಾಯಿತು. ಮುಂದಿನ ತಾರೀಖು ತಪ್ಪುವುದು ಆ ಕ್ಷಣದಲ್ಲಿಯೇ ನಿಶ್ಚಯವಾಗುತ್ತದೆ. ಆ ತಾರೀಖು ಪತ್ತನಾಜೆ ಕಳೆದು ಮಳೆ ಹಿಡಿದ ಮೇಲೆ, ಕೂಲಿ ವಿರಳವಾದ ಆಟಿ ತಿಂಗಳಿನಲ್ಲಿ ಬಿದ್ದರಂತೂ ಹೇಳುವುದೇ ಬೇಡ.

ಗುಣವಾದವನು ಏಕೆ ಹೋಗಬೇಕು?

ನೋವಿಲ್ಲದಿರುವುದೇ ಆರೋಗ್ಯವೆಂಬುದು ಸಾಮಾನ್ಯರ ನಂಬಿಕೆ. ನೋವಿಲ್ಲದೆ ಬೆಳೆಯುವ ರೋಗಗಳ ಕಾಲದಲ್ಲಿ ಇದು ಅಪಾಯಕರವಾದ ನಂಬಿಕೆ. ಮರುತಪಾಸಣೆಯ ತಾರೀಖನ್ನು ಡಾಕ್ಟರರು ಮನಸ್ಸಿಗೆ ಬಂದಂತೆ ಬರೆಯುವುದಿಲ್ಲ. ಅದರ ಹಿಂದೆ ದೇಹದ ಒಂದು ಗಡಿಯಾರವಿರುತ್ತದೆ.

ಸಿಹಿಮೂತ್ರ ರೋಗವನ್ನೇ ತೆಗೆದುಕೊಳ್ಳೋಣ. ಮೂರು ತಿಂಗಳಿಗೊಮ್ಮೆ ಮಾಡಿಸುವ ಪರೀಕ್ಷೆಯೊಂದರಲ್ಲಿ ರಕ್ತದ ಕೆಂಪು ಕಣಗಳಿಗೆ ಅಂಟಿಕೊಂಡ ಸಕ್ಕರೆಯನ್ನು ಅಳೆಯುತ್ತಾರೆ. ಕೆಂಪು ಕಣದ ಆಯುಸ್ಸು ಸುಮಾರು 120 ದಿನ. ಆದುದರಿಂದ ಆ ಪರೀಕ್ಷೆ ನಿನ್ನೆಯ ಊಟವನ್ನಲ್ಲ, ಕಳೆದ ಎರಡು ಮೂರು ತಿಂಗಳ ನಡವಳಿಕೆಯನ್ನು ಹೇಳುತ್ತದೆ. ಪರೀಕ್ಷೆಯ ಹಿಂದಿನ ದಿನ ಉಪವಾಸವಿದ್ದು ಅದನ್ನು ವಂಚಿಸಲಾಗದು. ಅದೇ ರೋಗಿ ವರ್ಷಕ್ಕೊಮ್ಮೆ ಕಣ್ಣಿನ ಒಳಪೊರೆಯನ್ನು ತೋರಿಸಬೇಕು. ಅಲ್ಲಿಯ ಸೂಕ್ಷ್ಮ ರಕ್ತನಾಳಗಳು ಕೆಡಲು ಆರಂಭಿಸಿದರೆ ಮೊದಮೊದಲು ದೃಷ್ಟಿಗೆ ಏನೂ ಆಗುವುದಿಲ್ಲ. ಆ ಹಂತದಲ್ಲಿ ಕಂಡುಹಿಡಿದರೆ ಲೇಸರ್ ಚಿಕಿತ್ಸೆಯಿಂದ ಕಣ್ಣನ್ನು ಉಳಿಸಬಹುದು. ಕಣ್ಣು ಮಂಜಾದ ಮೇಲೆ ಓಡಿದರೆ ಉಳಿಯುವುದು ಅಲ್ಪ. ಗ್ಲಾಕೋಮಾ ಇದಕ್ಕಿಂತ ಕಪಟಿ. ಕಣ್ಣಿನೊಳಗಿನ ಒತ್ತಡ ದೃಷ್ಟಿನರವನ್ನು ಅಂಚಿನಿಂದ ತಿನ್ನುತ್ತ ಬರುತ್ತದೆ. ಹೋದ ದೃಷ್ಟಿ ಮರಳದು.

ಹೃದಯದಲ್ಲಿ ಲೋಹದ ಕವಾಟವನ್ನು ಕೂಡಿಸಿಕೊಂಡವರ ಪಾಡು ಇನ್ನೂ ನಾಜೂಕಿನದು. ಕವಾಟದ ಮೇಲೆ ರಕ್ತ ಹೆಪ್ಪುಗಟ್ಟದಂತೆ ಅವರು ಜೀವಮಾನವಿಡೀ ಮದ್ದು ನುಂಗಬೇಕು. ಮದ್ದು ಕಡಿಮೆಯಾದರೆ ಗರಣೆ ಕಟ್ಟಿ ಕವಾಟ ಕೆಲಸ ನಿಲ್ಲಿಸಬಹುದು, ಇಲ್ಲವೆ ಅದು ಮೆದುಳಿಗೆ ಹೋಗಿ ಪಾರ್ಶ್ವವಾಯು ಬಡಿಯಬಹುದು. ಹೆಚ್ಚಾದರೆ ಒಳಗೊಳಗೇ ರಕ್ತ ಸೋರಬಹುದು. ಈ ಎರಡು ಅಪಾಯಗಳ ನಡುವಿನ ಓಣಿ ಬಹಳ ಕಿರಿದು. ಅದನ್ನು ಅಳೆಯುವ ಮಾನಕ್ಕೆ ಐ.ಎನ್.ಆರ್. ಎಂದು ಹೆಸರು, ಮಿಟ್ರಲ್ ಕವಾಟವಾದರೆ ಅದು ಸಾಮಾನ್ಯವಾಗಿ 2.5ರಿಂದ 3.5ರ ಒಳಗಿರಬೇಕು. ಹರಿವೆ, ಬಸಳೆಯಂಥ ಹಸುರು ಸೊಪ್ಪುಗಳಲ್ಲಿರುವ 'ಕೆ' ಜೀವಸತ್ವವೂ ಈ ಮದ್ದಿನ ಬಲವನ್ನು ಏರುಪೇರು ಮಾಡಬಲ್ಲುದು. ಸೊಪ್ಪನ್ನು ಬಿಡಬೇಕೆಂದಲ್ಲ, ಒಂದೇ ಪ್ರಮಾಣದಲ್ಲಿ ತಿನ್ನಬೇಕು. ರಕ್ತವನ್ನು ಆಗಾಗ ಪರೀಕ್ಷಿಸಬೇಕು. ಲಕ್ಷಾಂತರ ರೂಪಾಯಿಯ ಶಸ್ತ್ರಚಿಕಿತ್ಸೆಯ ಫಲ ಹೀಗೆ ಒಂದು ಸಣ್ಣ ರಕ್ತಪರೀಕ್ಷೆಯ ಮೇಲೆ ನಿಂತಿರುತ್ತದೆ.

ಕಾಯಿಲೆ ಇಲ್ಲದಾಗಲೂ ಮದ್ದು ಕುಡಿಯುವುದು ತುಳುನಾಡಿನವರಿಗೆ ಹೊಸ ಮಾತೇನೂ ಅಲ್ಲ. ಆಟಿ ಅಮಾವಾಸ್ಯೆಯ ಬೆಳಗ್ಗೆ ಹಾಲೆ ಮರದ ತೊಗಟೆಯ ಕಷಾಯವನ್ನು ಮನೆಮಂದಿಯೆಲ್ಲ ಕುಡಿಯುತ್ತಾರೆ. ಯಾರೂ 'ನನಗೆ ಈಗ ತೊಂದರೆ ಇಲ್ಲ' ಎನ್ನುವುದಿಲ್ಲ. ಮುಂದಾಲೋಚನೆಯ ಕೊರತೆ ಈ ಜನದಲ್ಲಿಲ್ಲ. ಆದರೆ ಆ ಕಷಾಯಕ್ಕೆ ಫೀಸಿಲ್ಲ, ಬಸ್ಸಿನ ಖರ್ಚಿಲ್ಲ, ಮಜೂರಿ ತಪ್ಪುವುದಿಲ್ಲ. ವ್ಯತ್ಯಾಸವಿರುವುದು ಅಲ್ಲಿ.

ಹಾಸಿಗೆಗೆ ಹಣವುಂಟು, ಭೇಟಿಗೆ ಇಲ್ಲ

ಬಡವರ ಚಿಕಿತ್ಸೆಗೆಂದು ಸರಕಾರವೂ ಸಂಸ್ಥೆಗಳೂ ಏನೂ ಮಾಡಿಲ್ಲವೆಂದರೆ ಅನ್ಯಾಯವಾದೀತು. ಇದೇ ಜಿಲ್ಲೆಯ ಕಿನ್ನಿಗೋಳಿಯಲ್ಲಿ ಹುಟ್ಟಿದ ಹೃದಯತಜ್ಞ ಡಾ. ದೇವಿ ಶೆಟ್ಟಿಯವರ ಪ್ರೇರಣೆಯಿಂದ 2003ರಲ್ಲಿ ಸಹಕಾರಿ ರೈತರಿಗಾಗಿ 'ಯಶಸ್ವಿನಿ' ಆರಂಭವಾಯಿತು. ಆಗ ಒಬ್ಬ ಸದಸ್ಯ ತೆರಬೇಕಾಗಿದ್ದುದು ತಿಂಗಳಿಗೆ ಐದು ರೂಪಾಯಿ. ಬೆಳ್ತಂಗಡಿ ತಾಲೂಕಿನಲ್ಲಿಯೇ 1982ರಲ್ಲಿ ಹುಟ್ಟಿದ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ 2004ರಲ್ಲಿ ತನ್ನ ಸ್ವಸಹಾಯ ಸಂಘಗಳವರಿಗಾಗಿ 'ಸಂಪೂರ್ಣ ಸುರಕ್ಷಾ' ವಿಮೆಯನ್ನು ತಂದಿತು. 2010ರಲ್ಲಿ ರಾಜ್ಯದಲ್ಲಿ 'ವಾಜಪೇಯಿ ಆರೋಗ್ಯಶ್ರೀ' ಬಂತು. 2018ರಲ್ಲಿ 'ಆಯುಷ್ಮಾನ್ ಭಾರತ – ಆರೋಗ್ಯ ಕರ್ನಾಟಕ' ಜಾರಿಯಾಗಿ, ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆ ಲಭಿಸಿತು.

ಇವುಗಳಿಂದಾದ ಉಪಕಾರ ಅಲ್ಪವಲ್ಲ. ವಾಜಪೇಯಿ ಆರೋಗ್ಯಶ್ರೀಯ ಫಲವನ್ನು ಪರಿಶೀಲಿಸಿ 2014ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಯೋಜನೆಯ ವ್ಯಾಪ್ತಿಯ ಕಾಯಿಲೆಗಳಿಂದ ಸಂಭವಿಸುವ ಮರಣಗಳು ಅದನ್ನು ಪಡೆದ ಬಡ ಕುಟುಂಬಗಳಲ್ಲಿ ನೂರಕ್ಕೆ 64ರಷ್ಟು ಕಡಿಮೆಯಾಗಿದ್ದವು. ಇಡೀ ದೇಶದ ಲೆಕ್ಕವೂ ಸಮಾಧಾನಕರವೇ. ಆರೋಗ್ಯಕ್ಕಾಗಿ ಆಗುವ ಒಟ್ಟು ವೆಚ್ಚದಲ್ಲಿ ಜನರು ತಮ್ಮ ಕೈಯಿಂದ ತೆರುವ ಪಾಲು 2013–14ರಲ್ಲಿ ನೂರಕ್ಕೆ 64.2 ಇದ್ದುದು 2021–22ರಲ್ಲಿ 39.4ಕ್ಕೆ ಇಳಿಯಿತೆಂದು ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರಗಳು ಹೇಳುತ್ತವೆ.

ಆದರೂ ಈ ಯೋಜನೆಗಳಲ್ಲಿ ಬಹುಮಟ್ಟಿಗೆ ಸಮಾನವಾದ ಒಂದು ಗುಣವುಂಟು: ಅವು ಮಲಗಿದವನ ಯೋಜನೆಗಳು. ಆಸ್ಪತ್ರೆಯಲ್ಲಿ ದಾಖಲಾಗಿ ಹಾಸಿಗೆ ಹಿಡಿದವನಿಗೆ ಹಣವುಂಟು; ತನ್ನ ಕಾಲ ಮೇಲೆ ನಡೆದು ಬಂದು, ತೋರಿಸಿ, ಸಂಜೆಗೆ ಮನೆಗೆ ಮರಳುವವನಿಗೆ ಇಲ್ಲ. ಆಯುಷ್ಮಾನ್ ಭಾರತದ ನಿಯಮದಂತೆ ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲಿನ 15 ದಿನಗಳ ಮದ್ದು, ತಪಾಸಣೆಗಳು ಸೇರುತ್ತವೆ. ಹದಿನಾರನೆಯ ದಿನದಿಂದ ರೋಗಿ ತನ್ನ ಪಾಡಿಗೆ ತಾನು. ಕವಾಟ ಕೂಡಿಸಿದವನ ಹೃದಯಕ್ಕೆ ಹದಿನಾರನೆಯ ದಿನವೆಂಬುದು ಆರಂಭ ಮಾತ್ರ. ಮೂಲ ಯಶಸ್ವಿನಿಯಲ್ಲಿ ಜಾಲದ ಆಸ್ಪತ್ರೆಗಳಲ್ಲಿ ವೈದ್ಯರ ಸಮಾಲೋಚನೆ ಉಚಿತವಾಗಿದ್ದು, ಪರೀಕ್ಷೆಗಳಿಗೆ ರಿಯಾಯಿತಿಯಿದ್ದುದನ್ನು ಇಲ್ಲಿ ನೆನೆಯಬೇಕು. ಆ ಯೋಜನೆ 2018ರಲ್ಲಿ ನಿಂತು, 2022ರಲ್ಲಿ ಮತ್ತೆ ಚಾಲನೆ ಪಡೆಯಿತು.

ಇದರ ಪರಿಣಾಮ ವಿಚಿತ್ರ. ತಪಾಸಣೆಗೆ ಹೋಗದೆ ರೋಗ ಉಲ್ಬಣಿಸಿ, ರೋಗಿಯನ್ನು ರಾತ್ರೋರಾತ್ರಿ ಆಂಬುಲೆನ್ಸಿನಲ್ಲಿ ಒಯ್ದರೆ ಆಗ ಕಾರ್ಡು ಕೆಲಸ ಮಾಡುತ್ತದೆ. ಸಾವಿರಾರು ರೂಪಾಯಿಗಳ ಭಾರವನ್ನು ಸರಕಾರ ಹೊರುತ್ತದೆ. ಆ ಅನಾಹುತವನ್ನು ತಪ್ಪಿಸಬಹುದಾಗಿದ್ದ ಒಂದು ದಿನದ ಭೇಟಿಗೆ ಮಾತ್ರ ಯಾರೂ ಹೊಣೆಯಲ್ಲ. ಕೆರೆಯ ಏರಿ ಒಡೆದ ಮೇಲೆ ಪರಿಹಾರ, ಬಿರುಕಿಗೆ ಮಣ್ಣು ಮೆತ್ತುವುದಕ್ಕೆ ಕಾಸಿಲ್ಲ ಎಂಬಂತಾಯಿತು.

ಬೇರೆ ಕಡೆಯ ಅನುಭವ

ಸಣ್ಣ ಖರ್ಚು ದೊಡ್ಡ ತಡೆಯಾಗುವುದು ನಮ್ಮಲ್ಲಿ ಮಾತ್ರವಲ್ಲ. ಬ್ರಿಟನ್ನಿನಲ್ಲಿ 1948ರಲ್ಲಿ ಎಲ್ಲರಿಗೂ ಉಚಿತ ಚಿಕಿತ್ಸೆಯ ವ್ಯವಸ್ಥೆಯನ್ನು ತಂದ ಅನ್ಯೂರಿನ್ ಬೆವನ್, ಮೂರೇ ವರ್ಷಗಳಲ್ಲಿ ಕಟ್ಟುಹಲ್ಲಿಗೂ ಕನ್ನಡಕಕ್ಕೂ ಸರಕಾರ ಶುಲ್ಕ ವಿಧಿಸಹೊರಟಾಗ ಮಂತ್ರಿಪದವಿಯನ್ನೇ ತ್ಯಜಿಸಿದರು. ಕನ್ನಡಕದ ಶುಲ್ಕಕ್ಕಾಗಿ ಪದವಿ ಬಿಡುವುದೇ ಎಂದು ನಕ್ಕವರೂ ಇದ್ದಿರಬಹುದು. ಆದರೆ ಅಮೆರಿಕದ ರ‍್ಯಾಂಡ್ ಸಂಸ್ಥೆ 1970ರ ದಶಕದಲ್ಲಿ ಸಾವಿರಾರು ಕುಟುಂಬಗಳ ಮೇಲೆ ನಡೆಸಿದ ದೀರ್ಘ ಪ್ರಯೋಗ ಈ ಆತಂಕ ಹುಸಿಯಲ್ಲವೆಂದು ತೋರಿಸಿತು. ಖರ್ಚಿನ ಒಂದು ಪಾಲನ್ನು ರೋಗಿಯೇ ಹೊರಬೇಕಾದಾಗ ಜನರು ವೈದ್ಯರ ಬಳಿ ಹೋಗುವುದು ಕಡಿಮೆಯಾಯಿತು. ಬೇಡದ ಭೇಟಿಗಳು ಮಾತ್ರ ನಿಂತಿದ್ದರೆ ಒಳ್ಳೆಯದೇ ಆಗುತ್ತಿತ್ತು; ಬೇಕಾದವೂ ಅಷ್ಟೇ ಪ್ರಮಾಣದಲ್ಲಿ ನಿಂತವು. ರಕ್ತದೊತ್ತಡವಿದ್ದ ಬಡವರಲ್ಲಿ, ಉಚಿತವಾಗಿ ಚಿಕಿತ್ಸೆ ದೊರೆತವರಿಗೆ ಒತ್ತಡ ಹೆಚ್ಚು ಹತೋಟಿಗೆ ಬಂದಿತ್ತು. ಯಾವ ಭೇಟಿ ಅಗತ್ಯ, ಯಾವುದು ಅನಗತ್ಯವೆಂದು ರೋಗಿ ಅರಿಯನು. ಅದನ್ನು ಅರಿಯುವುದಕ್ಕೇ ಅಲ್ಲವೆ ಅವನು ವೈದ್ಯರ ಬಳಿ ಹೋಗುವುದು?

ನೆರೆಯ ಆಂಧ್ರಪ್ರದೇಶದಲ್ಲಿ 2007ರಲ್ಲಿ ಆರಂಭವಾದ ಆರೋಗ್ಯಶ್ರೀ ಈ ಗುಟ್ಟನ್ನು ಕಂಡುಕೊಂಡಿತು. ದೀರ್ಘಕಾಲ ಮದ್ದು ಬೇಕಾಗುವ 125 ಬಗೆಯ ಚಿಕಿತ್ಸೆಗಳಿಗೆ, ಒಂದು ವರ್ಷದ ಮರುತಪಾಸಣೆ, ಪರೀಕ್ಷೆ, ಔಷಧಗಳನ್ನು ಆ ಯೋಜನೆಯಲ್ಲಿಯೇ ಸೇರಿಸಲಾಯಿತು. ಶಸ್ತ್ರಚಿಕಿತ್ಸೆಯ ಜೊತೆಗೆ ಅದರ ಶೇಷದ ಹೊಣೆಯನ್ನೂ ಹೊರಬೇಕೆಂಬ ವಿವೇಕ ಅದರಲ್ಲಿ ಕಾಣುತ್ತದೆ.

ತಜ್ಞರನ್ನು ಹತ್ತಿರ ತಂದರೆ

ಹಣ ಕೊಡುವುದು ಒಂದು ದಾರಿ. ದೂರವನ್ನು ಕಳೆಯುವುದು ಇನ್ನೊಂದು. ಮರುತಪಾಸಣೆಯ ಖರ್ಚಿನಲ್ಲಿ ತಜ್ಞರ ಫೀಸು ಒಂದು ಪಾಲು ಮಾತ್ರ. ಪ್ರಯಾಣವೂ ತಪ್ಪಿದ ಮಜೂರಿಯೂ ಉಳಿದ ಪಾಲನ್ನು ನುಂಗುತ್ತವೆ. ಈ ಪಾಲನ್ನು ಕಡಿಮೆ ಮಾಡುವ ಪ್ರಯತ್ನಗಳು ಅಲ್ಲಲ್ಲಿ ಫಲ ಕೊಟ್ಟಿವೆ.

ಮೂತ್ರಪಿಂಡ ಸೋತವರು ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್ ಮಾಡಿಸಿಕೊಳ್ಳಬೇಕು. 2016ರಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಘೋಷಣೆಯಾಗಿ, ಕರ್ನಾಟಕದ ತಾಲೂಕು ಆಸ್ಪತ್ರೆಗಳಿಗೂ ಯಂತ್ರಗಳು ಬಂದುದು ಎಷ್ಟೋ ಜನರ ಆಯುಸ್ಸನ್ನು ಬೆಳೆಸಿತು. ಮಂಗಳೂರಿನ ಹೃದಯತಜ್ಞ ಡಾ. ಪದ್ಮನಾಭ ಕಾಮತರು 'ಮನೆಬಾಗಿಲಿಗೆ ಹೃದ್ರೋಗ ಚಿಕಿತ್ಸೆ' ಎಂಬ ಆಶಯದಿಂದ ಹಳ್ಳಿಯ ಚಿಕಿತ್ಸಾಲಯಗಳಿಗೆ ಇ.ಸಿ.ಜಿ. ಯಂತ್ರಗಳನ್ನು ಒದಗಿಸಿ, ಊರಿನ ವೈದ್ಯರು ಕಳುಹಿಸಿದ ರೇಖೆಗಳನ್ನು ಮೊಬೈಲಿನಲ್ಲಿಯೇ ತಜ್ಞರು ನೋಡಿ ಸಲಹೆ ಕೊಡುವ ಏರ್ಪಾಡು ಮಾಡಿದರು. 2019ರಲ್ಲಿ ಆರಂಭವಾದ 'ಇ-ಸಂಜೀವಿನಿ'ಯ ಮೂಲಕ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕುಳಿತೇ ದೂರದ ತಜ್ಞರೊಡನೆ ಮಾತಾಡಬಹುದು. 2024ರ ಅಕ್ಟೋಬರಿನಲ್ಲಿ ಕೋಲಾರ ಜಿಲ್ಲೆಯಲ್ಲಿ ಮೊದಲಾದ 'ಗೃಹ ಆರೋಗ್ಯ' ಯೋಜನೆಯಲ್ಲಿ ಆರೋಗ್ಯ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಒತ್ತಡ, ಸಕ್ಕರೆಗಳನ್ನು ಪರೀಕ್ಷಿಸುತ್ತಾರೆ.

ಬೆಳ್ತಂಗಡಿ ತಾಲೂಕಿನ ಒಂದು ನೋವಿನ ಕಥೆಯೂ ಇದೇ ಪಾಠವನ್ನು ಹೇಳುತ್ತದೆ. ಕೊಕ್ಕಡ, ನಿಡ್ಲೆ, ಪಟ್ರಮೆ ಗ್ರಾಮಗಳ ಸುತ್ತಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ ವರ್ಷಗಳ ಅನಂತರ ಅಂಗವೈಕಲ್ಯವುಳ್ಳ ಮಕ್ಕಳು ಹುಟ್ಟಿದರು. ಸುಪ್ರೀಂ ಕೋರ್ಟು 2011ರಲ್ಲಿ ಆ ವಿಷವನ್ನು ನಿಷೇಧಿಸಿತು. ಹಾಸಿಗೆ ಬಿಟ್ಟೇಳಲಾರದ ಮಗುವನ್ನು ಹೊತ್ತು ತಾಯಿ ಎಷ್ಟು ಸಲ ಮಂಗಳೂರಿಗೆ ಹೋಗಬಲ್ಲಳು? ಕೊಕ್ಕಡದಲ್ಲಿಯೇ ಅಂಥವರಿಗಾಗಿ ಹಗಲಿನ ಪಾಲನಾ ಕೇಂದ್ರ ತೆರೆದ ಮೇಲೆ, ಅದುವರೆಗೆ ದೊರೆಯದಿದ್ದ ಆರೈಕೆ ಊರಿನಲ್ಲಿಯೇ ದೊರೆಯಿತು. ದೂರ ಹೋಗಲಾರದವರಿಗೆ ಆರೈಕೆಯೇ ಹತ್ತಿರ ಬರಬೇಕು.

ಸಂಕೋಚವನ್ನು ಬಿಟ್ಟು

ಯೋಜನೆಗಳು ಬದಲಾಗಲು ಕಾಲ ಬೇಕು. ಅಲ್ಲಿಯವರೆಗೆ ರೋಗಿಯ ಕೈಯಲ್ಲಿ ಏನೂ ಇಲ್ಲವೆ? ಉಂಟು, ಆದರೆ ಅದಕ್ಕೆ ಸಂಕೋಚ ಬಿಡಬೇಕು. ತಜ್ಞರ ಮುಂದೆ ಕುಳಿತಾಗ 'ಹಣವಿಲ್ಲ' ಎಂಬ ಮಾತು ಬಾಯಿಂದ ಹೊರಡುವುದಿಲ್ಲ. ಸಾವಿರ ರೋಗಲಕ್ಷಣಗಳನ್ನು ಹೇಳುವವನು ಈ ಒಂದು ಲಕ್ಷಣವನ್ನು ಮಾತ್ರ ಮುಚ್ಚಿಡುತ್ತಾನೆ. ವೈದ್ಯರಿಗೆ ಅದು ತಿಳಿಯದು. ಅವರು ಅದೇ ಬೆಲೆಯ ಮದ್ದನ್ನು ಬರೆಯುತ್ತಾರೆ. ರೋಗಿ ಮೂವತ್ತು ಗುಳಿಗೆ ಬರೆದಲ್ಲಿ ಹತ್ತು ಕೊಳ್ಳುತ್ತಾನೆ.

ಕೇಳಬೇಕಾದ ಪ್ರಶ್ನೆಗಳು ಕೆಲವೇ. ಮುಂದಿನ ತಪಾಸಣೆಗೆ ಇಲ್ಲಿಗೇ ಬರಬೇಕೆ, ಇಲ್ಲವೆ ರಕ್ತಪರೀಕ್ಷೆಯನ್ನು ಬೆಳ್ತಂಗಡಿಯಲ್ಲಿ ಮಾಡಿಸಿ ವರದಿಯನ್ನು ಕಳುಹಿಸಿದರೆ ಸಾಕೆ? ಯಾವ ತೊಂದರೆ ಕಂಡರೆ ತಾರೀಖನ್ನು ಕಾಯದೆ ಓಡಿ ಬರಬೇಕು? ಇದೇ ಮದ್ದಿನ ಅಗ್ಗದ ರೂಪ ಜನೌಷಧಿ ಅಂಗಡಿಯಲ್ಲಿ ದೊರೆಯುವುದೆ? ಊರಿನ ವೈದ್ಯರಿಗೆ ಒಂದು ಪತ್ರ ಬರೆದುಕೊಡುವಿರಾ? ಈ ಕೊನೆಯ ಪತ್ರಕ್ಕೆ ಬೆಲೆ ಕಟ್ಟಲಾಗದು. ವಾತಜ್ವರದಿಂದ ಹೃದಯ ಕೆಟ್ಟ ಮಗುವಿಗೆ ಮೂರು ನಾಲ್ಕು ವಾರಗಳಿಗೊಮ್ಮೆ ಪೆನ್ಸಿಲಿನ್ ಚುಚ್ಚಬೇಕಾಗುತ್ತದೆ. ಮದ್ದು ಅಗ್ಗ, ದುಬಾರಿಯಾದುದು ದಾರಿ. ತಜ್ಞರ ಪತ್ರವಿದ್ದರೆ ಅದನ್ನು ಹತ್ತಿರದ ಸರಕಾರಿ ಆಸ್ಪತ್ರೆಯಲ್ಲಿಯೇ ಕೊಡಿಸಬಹುದು.

ವೈದ್ಯರ ಕರ್ತವ್ಯವೂ ಇಲ್ಲಿ ಸ್ವಲ್ಪ ಉಂಟು. 'ಮೂರು ತಿಂಗಳ ಅನಂತರ' ಎಂದು ಬರೆಯುವ ಲೇಖನಿ 'ಏಕೆ' ಎಂಬುದನ್ನೂ ಒಂದು ಸಾಲಿನಲ್ಲಿ ಹೇಳಿದರೆ ರೋಗಿ ತನ್ನ ಲೆಕ್ಕವನ್ನು ತಿದ್ದಿಕೊಳ್ಳುತ್ತಾನೆ. 'ಎಲ್ಲ ಸರಿಯಾಗಿದೆ' ಎನ್ನುವಾಗ 'ನೀನು ತಪ್ಪದೆ ಬಂದುದರಿಂದ ಸರಿಯಾಗಿದೆ' ಎಂದರೆ ಬಂದುದು ದಂಡವಾಯಿತೆಂಬ ಭಾವನೆ ಹುಟ್ಟುವುದಿಲ್ಲ.

ಸ್ವಾತಂತ್ರ್ಯಕ್ಕೆ ಒಂದು ವರ್ಷ ಮೊದಲು, 1946ರಲ್ಲಿ, ಸರ್ ಜೋಸೆಫ್ ಭೋರ್ ಅವರ ಸಮಿತಿ ಈ ದೇಶದ ಆರೋಗ್ಯಕ್ಕೊಂದು ನಕ್ಷೆ ಬರೆದುಕೊಟ್ಟಿತು. ಹಣವಿಲ್ಲವೆಂಬ ಕಾರಣಕ್ಕೆ ಯಾವನೊಬ್ಬನೂ ಚಿಕಿತ್ಸೆಯಿಂದ ವಂಚಿತನಾಗಬಾರದೆಂಬುದು ಅದರ ಮೊದಲ ತತ್ತ್ವಗಳಲ್ಲಿ ಒಂದು. ಆ ತತ್ತ್ವವನ್ನು ನಾವು ಅರ್ಧ ದಾರಿಗೆ ತಂದಿದ್ದೇವೆ: ಆಸ್ಪತ್ರೆಯ ಹಾಸಿಗೆಯವರೆಗೆ. ಅಲ್ಲಿಂದ ಎದ್ದು ಮನೆಗೆ ಹೋದವನು ಮತ್ತೆ ಬಂದು ತೋರಿಸುವವರೆಗಿನ ದಾರಿ ಬಾಕಿಯುಳಿದಿದೆ. ಸಾಲಕ್ಕೆ ಅಂಜಿ ರೋಗದ ಶೇಷವನ್ನು ಮೈಯಲ್ಲಿ ಇಟ್ಟುಕೊಂಡವನಿಗೆ ಬುದ್ಧಿ ಹೇಳುವ ಮೊದಲು, ಆ ಬಾಕಿ ದಾರಿಯಲ್ಲಿ ಅವನ ಜೊತೆಗೆ ಯಾರು ನಡೆಯುತ್ತಾರೆಂಬುದನ್ನು ಸಮಾಜ ತನ್ನನ್ನು ತಾನೇ ಕೇಳಿಕೊಳ್ಳುವುದು ಒಳಿತು.